ಕೊಟ್ಟಿಗೆಯ ಹೂವಿನ ಸೀರೆ

ಮದುವೆಯಾಗಿ ಮೂಡಿಗೆರೆ ಕಡೆಯ ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ನಾನು ಒಂದು ಹಸುವಿನ ಕೈಗೆ ಸಿಕ್ಕಿಬಿದ್ದೆ. ತೊಂಬತ್ತರ ದಶಕದ ಮಾತು. ಮೂರು ಎಕರೆ ಕಾಫಿ, ನಾಲ್ಕು ಗಿಡ್ಡ ಹಸು, ಗಂಡ, ಅತ್ತೆ, ಇಷ್ಟೇ ಸಂಸಾರ. ಆ ವರ್ಷ ಕಾಫಿ ಹೂವಾಗುವ ಹೊತ್ತಿಗೆ ಕಪ್ಪು ಹಸುವಿನ ಕರು ಸತ್ತುಹೋಯಿತು. ಕರು ಕಳೆದುಕೊಂಡ ಹಸು ಯಾರಿಗೂ ಹಾಲು ಇಳಿಸಲಿಲ್ಲ, ಹತ್ತಿರ ಹೋದವರಿಗೆಲ್ಲ ಒದೆ. ನನಗೆ ಅದರ ಮೇಲೆ ಕನಿಕರವೂ ಇತ್ತು, ಹೊಸ ಸೊಸೆ ಏನಾದರೂ ಮಾಡಿ ತೋರಿಸಬೇಕೆಂಬ ಹುಮ್ಮಸ್ಸೂ ಇತ್ತು. ಕತ್ತು ತುರಿಸುತ್ತ, ಕೈ ನೆಕ್ಕಿಸಿಕೊಳ್ಳುತ್ತ ಅದರ ಪಕ್ಕ ಕೂತೆ. ಒಂದು ಬೆಳಿಗ್ಗೆ ಜರ್ರನೆ ತಂಬಿಗೆಗೆ ಹಾಲು ಬಂತು.

"ಎಂಥಾ ಕೈಗುಣ ಮಾರಾಯ್ತಿ ನಿಂದು!" ಎಂದರು ಅತ್ತೆ. ನಾನು ಉಬ್ಬಿಹೋದೆ. ಮಾಡಿದ್ದುಣ್ಣೋ ಮಹಾರಾಯ. ಅಂದಿನಿಂದ ಆ ಹಸು ನನ್ನ ಕೈಗಲ್ಲದೆ ಇನ್ನಾರ ಕೈಗೂ ಒಂದು ಹನಿ ಕೊಡಲಿಲ್ಲ.

ಬೇಸಿಗೆಯ ಕೊನೆಯ ಬೆಳಗುಗಳು ನೋಡುವವರಿಗೆ ಚಂದ. ಬೆಳಕು ಬೇಗ ಹರಿಯುತ್ತದೆ, ಎಲ್ಲೋ ಹಲಸಿನ ಹಣ್ಣು ಬಿದ್ದು ಒಡೆದ ವಾಸನೆ, ಆ ವಾಸನೆಗೆ ಹಸುಗಳು ಕೊರಳ ಕಣ್ಣಿ ಜಗ್ಗಿ ಕೂಗುತ್ತವೆ. ನನಗೆ ಮಾತ್ರ ಆ ಕೂಗು ಕೇಳಿದರೆ ಸಿಟ್ಟು ಬರುತ್ತಿತ್ತು. ಸಗಣಿ ಬಾಚು, ಮಳೆಗಾಲಕ್ಕೆಂದು ಗುಡಿಸಿ ತಂದ ಒಣ ಎಲೆ ಹಾಸು, ಹಾಲು ಕರೆ, ಬೇಲಿಬಾಯಿಯ ಉಣುಗೋಲು ಸರಿಸಿ ಹಸುಗಳನ್ನು ಗುಡ್ಡಕ್ಕೆ ಅಟ್ಟು. ಸಂಜೆ ಮತ್ತೆ ಹಾಲು. ಜ್ವರ ಬಂದರೂ ರಜೆಯಿಲ್ಲ. ಒಂದು ಹೊತ್ತು ತಪ್ಪಿದರೆ ಆ ಹಸುವಿನ ಕೆಚ್ಚಲು ಕಲ್ಲಾಗುತ್ತಿತ್ತು. ಅದನ್ನು ಕಂಬಕ್ಕೆ ಕಟ್ಟಿದ್ದರು, ನನ್ನನ್ನು ಅದಕ್ಕೆ.

ಮೇ ತಿಂಗಳಲ್ಲಿ ತಂಗಿಯ ಮದುವೆ ಗೊತ್ತಾಯಿತು. ನನ್ನ ತವರು ಕಳಸದಿಂದಾಚೆ; ಹೋಗಿ ಬರಲು ಮೂರು ದಿನವಾದರೂ ಬೇಕು. ಒಡಹುಟ್ಟಿದವಳ ಧಾರೆಗೆ ನಾನು ಇಲ್ಲದಿರುವುದೇ? ರಾತ್ರಿಯೆಲ್ಲ ಅದೇ ಯೋಚನೆ.

"ನಿನ್ನ ಸೀರೆ ಕೊಡು. ವಾಸನೆ ಹಿಡಿದು ಹಸು ನೀನೇ ಅಂದ್ಕೊಳ್ಳುತ್ತೆ," ಎಂದು ನನ್ನ ಗಂಡ ಮುಂದಾದರು. ನಮ್ಮ ಕಡೆ ಹಳಬರೆಲ್ಲ ಮಾಡುವ ಉಪಾಯವೇ ಇದು. ನಾನು ದಿನಾ ಕೊಟ್ಟಿಗೆಗೆ ಉಡುತ್ತಿದ್ದ ಕೆಂಪು ವಾಯಿಲ್ ಸೀರೆ, ಮೈತುಂಬ ಹಳದಿ ಹೂವು. ಅದನ್ನು ಲುಂಗಿಯ ಮೇಲೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು ಕೂತರು. ಹಸುವಿಗೆ ಮೀಸೆ ಕಂಡಿತೋ ಬೀಡಿ ವಾಸನೆ ಬಡಿಯಿತೋ, ಒಂದೇ ಒದೆಗೆ ತಂಬಿಗೆ ಒಂದು ಕಡೆ, ಇವರು ಒಂದು ಕಡೆ. ನಕ್ಕೂ ನಕ್ಕೂ ನನಗೆ ಅಳುವೇ ಬಂತು.

ಉಳಿದವರು ಅತ್ತೆ ಒಬ್ಬರೇ. ಮಾವ ತೀರಿಕೊಂಡ ಮೇಲೆ ಅವರು ಬಿಳಿ ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಮದುವೆ ಮುಂಜಿಗೆ ಯಾರು ಕರೆದರೂ "ಹಸು ನೋಡ್ಕೊಳ್ಳೋರು ಬೇಕಲ್ಲ" ಎಂದು ಮನೆಯಲ್ಲೇ ಉಳಿಯುವವರು. ಕೊಟ್ಟಿಗೆಯ ಪಕ್ಕದಲ್ಲೇ ಎಸ್ಟೇಟಿಗೆ ಹೋಗುವ ಹೆಂಗಸರ ಕಾಲುದಾರಿ.

"ನಾನು ಹೂವಿನ ಸೀರೆ ಉಡೋದಾ? ಕಂಡೋರು ಏನಂತಾರೆ? ಬೇಡ ಮಾರಾಯ್ತಿ," ಎಂದರು.

"ಹಾಗಾದ್ರೆ ನಂಗೂ ಒಂದು ಕಣ್ಣಿ ಹಾಕಿ ಅಲ್ಲೇ ಕಟ್ಟಿಬಿಡಿ ಅತ್ತೆ," ಎಂದೆ ನಾನು. ನನ್ನ ಬಾಯಿ ಸಣ್ಣದಲ್ಲ, ಅದು ಅವರಿಗೂ ಗೊತ್ತಿತ್ತು.

ಮರುದಿನ ಬೆಳಕು ಹರಿಯುವ ಮೊದಲು ಎದ್ದರೆ ಬಟ್ಟೆ ಹಾಕುವ ಗಳದ ಮೇಲೆ ನನ್ನ ಸೀರೆ ಇರಲಿಲ್ಲ. ಕೊಟ್ಟಿಗೆಗೆ ಓಡಿದೆ. ಒಳಗಿನಿಂದಲೇ ಅತ್ತೆಯ ದನಿ: "ಒಳಗೆ ಬರ್ಬೇಡ. ಉಣುಗೋಲಿನ ಹತ್ರ ನಿಂತ್ಕೋ. ಯಾರಾದ್ರೂ ಬಂದ್ರೆ ಕೆಮ್ಮು."

ನಿಂತೆ. ತಂಬಿಗೆಗೆ ಹಾಲು ಬೀಳುವ ಸದ್ದು ಕೇಳಿದಾಗ ಕುಣಿಯುವಷ್ಟು ಖುಷಿಯಾಯಿತು. ಸದ್ದು ನಿಂತಿತು. ಅತ್ತೆ ಮಾತ್ರ ಹೊರಗೆ ಬರಲಿಲ್ಲ. ಒದೆ ಬಿತ್ತೇನೋ ಎಂದು ಹೆದರಿ ಇಣುಕಿದೆ. ತುಂಬಿದ ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಅವರು ಹಾಗೇ ಕುಕ್ಕರುಗಾಲಲ್ಲಿ ಕೂತಿದ್ದರು. ಸೆರಗನ್ನು ಮಡಿಲ ಮೇಲೆ ಹರಡಿಕೊಂಡು ಅದರ ಹೂವುಗಳ ಮೇಲೆ ಬೆರಳಾಡಿಸುತ್ತಿದ್ದರು. ನಾನು ಸದ್ದಿಲ್ಲದೆ ಹಿಂದೆ ಸರಿದೆ.

ತಂಗಿಯ ಧಾರೆ ಕಣ್ತುಂಬ ನೋಡಿ ಬಂದೆ. ಬಂದ ದಿನವೇ ಅತ್ತೆ, "ಇನ್ನು ಕರಿ ಹಸುನ ನಾನೇ ಕರೀತೀನಿ. ನಂಗೆ ಒಗ್ಗಿದೆ. ನಿನ್ನ ಸೀರೆ ಅಲ್ಲೇ ಇರ್ಲಿ," ಎಂದರು. ಸೀರೆ ಕೊಟ್ಟಿಗೆಯ ಗೂಟಕ್ಕೆ ಬಂತು. ದಿನಾ ಬೆಳಿಗ್ಗೆ ಅವರು ಅದನ್ನು ಉಟ್ಟು ಹಾಲು ಕರೆದು, ಮತ್ತೆ ಬಿಳಿ ಸೀರೆ ಉಟ್ಟು ಹೊರಗೆ ಬರುತ್ತಿದ್ದರು. ಆ ನಾಲ್ಕು ಗೋಡೆಯ ಆಚೆಗೆ ಆ ಹೂವು ಬರಲಿಲ್ಲ. ಕಾವಲು ನನ್ನದು. ನನ್ನ ಕಣ್ಣಿ ಬಿಚ್ಚಿತೆಂದು ಎಷ್ಟು ಹಗುರವಾಗಿದ್ದೆನೋ, ಅವರನ್ನು ಕಂಡಾಗ ಅಷ್ಟೇ ಸಂಕಟವಾಗುತ್ತಿತ್ತು.

ಮಳೆ ಹಿಡಿಯಲು ಇನ್ನೇನು ಕೆಲವೇ ದಿನ ಇದ್ದಾಗ, ಗಂಜಲ ಸಿಡಿದಿದೆಯೆಂದು ಆ ಸೀರೆ ಒಗೆದು ಹಾಕಿದೆ. ಸಂಜೆ ಗುಡುಗಿ ನಾಲ್ಕು ಹನಿ ಬಿತ್ತು, ಸೀರೆ ಒಣಗಲಿಲ್ಲ. ಮರುದಿನ ಸಗಣಿ ಬುಟ್ಟಿ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಹೋದರೆ, ಅತ್ತೆ ಬಿಳಿ ಸೀರೆಯಲ್ಲೇ ಕೂತು ಹಾಲು ಕರೆಯುತ್ತಿದ್ದರು. ಹಸು ಮೆಲುಕು ಹಾಕುತ್ತ ನಿಂತಿತ್ತು. ತಂಬಿಗೆಯಲ್ಲಿ ನೊರೆ ಉಕ್ಕುತ್ತಿತ್ತು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ. ನಾನು ಬಗ್ಗಿ ಸಗಣಿ ಬಾಚತೊಡಗಿದೆ.

ಅದರ ಮಾರನೆಯ ಬೆಳಿಗ್ಗೆ ಅವರು ಹಿತ್ತಿಲ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು, ಖಾಲಿ ತಂಬಿಗೆ ಹಿಡಿದುಕೊಂಡು.

"ಸೀರೆ ಒಣಗಿದೆ ಅತ್ತೆ. ಉಟ್ಕೊಂಡೇ ಹೋಗಿ, ಇಲ್ದಿದ್ರೆ ಅದು ಹಾಲು ಕೊಡಲ್ಲ," ಎಂದು ಮಡಚಿದ ಸೀರೆ ಕೊಟ್ಟೆ.

"ಹೌದು ಮತ್ತೆ, ಕೊಡಲ್ಲ," ಎಂದು ಇಸಿದುಕೊಂಡರು.

ನಾನು ಹೋಗಿ ಉಣುಗೋಲಿನ ಹತ್ತಿರ ನಿಂತೆ.