ಗುಜರಿ ಕುರ್ಚಿಗೆ ಹೊಲಿದ ಕೌದಿ

ಪುತ್ತೂರಿಗೆ ಬಂದ ಮೊದಲ ಮಳೆಗಾಲದಲ್ಲಿ ನಮ್ಮ ಹೊರಸಿಗೆ ಗಡ್ಡ ಬಂತು. ಸುಳ್ಳಲ್ಲ. ಗದಗ ಸೀಮೆಯಿಂದ ಲಾರಿಯಲ್ಲಿ ಹೇರಿಕೊಂಡು ತಂದ ನುಲಿಯ ಹೊರಸು ಅದು, ನನ್ನ ತವರಿನವರು ಕೊಟ್ಟದ್ದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಗ್ಗದ ಎಳೆ ಎಳೆಗೂ ಬೆಳ್ಳಗೆ, ಮೆತ್ತಗೆ ಕೂದಲು! ಒರೆಸಿದೆ. ಮತ್ತೆ ಬಂತು, ಈ ಸಲ ಹಸಿರು ಬಣ್ಣದ್ದು. ಆಮೇಲೆ ಕೌದಿಗಳಿಗೆ ಹಬ್ಬಿತು, ನಮ್ಮವರ ಚರ್ಮದ ಚಪ್ಪಲಿಗೆ ಹಬ್ಬಿತು, ಕೊನೆಗೆ ದೇವರ ಪಟದ ಹಿಂದಕ್ಕೂ ಹೋಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಪುಷ್ಪಕ್ಕ, “ಅಯ್ಯೋ, ಈ ಊರಿಗೆ ಇದೆಲ್ಲ ಆಗುದಿಲ್ಲ ಮಾರಾಯ್ರೆ. ಬಿಸಾಡಿ” ಅಂದರು. ಊರಿನಲ್ಲಿ ನಾವು ಧೂಳಿನ ಜೊತೆ ಬದುಕಿದವರು. ಧೂಳು ಹೊರಗಿನಿಂದ ಬರುತ್ತದೆ, ಬಾಗಿಲು ಹಾಕಿದರೆ ನಿಲ್ಲುತ್ತದೆ. ಈ ಬೂಷ್ಟು ವಸ್ತುವಿನ ಒಳಗಿಂದಲೇ ಹುಟ್ಟಿ ಬರುತ್ತದೆ. ಇದಕ್ಕೆ ಯಾವ ಬಾಗಿಲು ಹಾಕಲಿ?

ನಮ್ಮವರು ಬಸ್ಸಿನ ಡ್ರೈವರ್. ವರ್ಗವಾಗಿ ಪುತ್ತೂರಿಗೆ ಬಂದಾಗ ದರ್ಬೆಯಲ್ಲಿ, ಮುಖ್ಯರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಆ ಕಡೆಯದು ಪುಷ್ಪಕ್ಕನದು, ಈ ಕಡೆಯದು ನಮ್ಮದು. ಊರಿಂದ ತಂದದ್ದೆಲ್ಲ ಬೂಷ್ಟಿಗೆ ಹೋದಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ಪಾತ್ರೆ, ಟ್ರಂಕು ಮತ್ತು ನಾವಿಬ್ಬರು. ಹೊಸ ಸಾಮಾನು ಕೊಳ್ಳುವ ಶಕ್ತಿ ಇರಲಿಲ್ಲ. “ಗುಜರಿ ಅಂಗಡಿ ಉಂಟಲ್ಲ, ಎಂತಕ್ಕೆ ಹೆದರುದು?” ಅಂದರು ಪುಷ್ಪಕ್ಕ. ಹಳೆ ಸಾಮಾನಿಗೆ ನಮ್ಮ ಹುಬ್ಬಳ್ಳಿ ಕಡೆ ಮೋಡಕಾ ಅನ್ನುತ್ತಾರೆ, ಇಲ್ಲಿ ಗುಜರಿ. ಹಳೆ ಮನೆಗಳನ್ನು ಬಿಚ್ಚಿದಾಗ ಬಂದ ಬಾಗಿಲು, ಕಿಟಕಿ, ಮಂಚ, ಮುಚ್ಚಿದ ಹೋಟೆಲಿನ ಬೆಂಚು, ಎಲ್ಲವೂ ಅಲ್ಲಿ ರಾಶಿ ಬಿದ್ದಿರುತ್ತವೆ.

ಇನ್ನು ನನ್ನ ಹೊಟ್ಟೆಕಿಚ್ಚಿನ ವಿಷಯಕ್ಕೆ ಬರುತ್ತೇನೆ. ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಪುಷ್ಪಕ್ಕನ ಮನೆಯೂ ಗುಜರಿಯಿಂದಲೇ ತುಂಬಿದ್ದು. ಅದೇ ಅಂಗಡಿ, ಅದೇ ಬಾಡಿಗೆ, ಅಷ್ಟೇ ದುಡಿಮೆ. ಆದರೆ ಅವರು ಮುರಿದ ಕಿಟಕಿಯ ಬಾಗಿಲನ್ನು ತಂದು ಅಡ್ಡ ಮಲಗಿಸಿ ಗೋಡೆಗೆ ಹೊಡೆದರೆ ಅದು ಚಂದದ ಹಲಗೆಯಾಗುತ್ತಿತ್ತು. ತೂತು ಬಿದ್ದ ಕಂಚಿನ ಪಾತ್ರೆಯಲ್ಲಿ ಮಣ್ಣು ತುಂಬಿ ಗಿಡ ಇಟ್ಟರೆ ಓಣಿಯವರೆಲ್ಲ ನಿಂತು ನೋಡುತ್ತಿದ್ದರು. ನಾನು ಆಸೆಪಟ್ಟು ತಂದದ್ದು ಒಂದು ಗಾಜಿನ ಕಪಾಟು. ಯಾವುದೋ ಬೇಕರಿಯದು. ತೊಳೆದೆ, ತಿಕ್ಕಿದೆ, ಬಿಸಿಲಿಗಿಟ್ಟೆ; ಏನು ಮಾಡಿದರೂ ಅದರಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಹೋಗಲಿಲ್ಲ, ಇರುವೆಗಳೂ ಅದರ ಹಳೆಯ ನಂಟು ಮರೆಯಲಿಲ್ಲ. ಅದರಲ್ಲಿ ನನ್ನ ಮದುವೆಯ ಸೀರೆಗಳನ್ನು ಇಟ್ಟರೆ ಮಾರಾಟಕ್ಕಿಟ್ಟಂತೆ ಕಾಣುತ್ತಿದ್ದವು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಪುಷ್ಪಕ್ಕನ ತವರು ಸುಳ್ಯದ ಹತ್ತಿರ, ಅಜ್ಜಾವರ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ತಾಯಿಯ ಕೈಯ ಊಟ ಉಂಡು, ಅವರ ಮನೆಮಾತು ಅರೆಭಾಷೆಯಲ್ಲಿ ಬಾಯಿ ತುಂಬ ಮಾತಾಡಿ, ಸಂಜೆ ಬಾಳೆಗೊನೆಯ ಜೊತೆ ವಾಪಸ್ಸು. ನನ್ನ ತವರು ಒಂದು ಇಡೀ ರಾತ್ರಿಯ ದಾರಿ. ಇದ್ದ ಊರಲ್ಲೇ ಇದ್ದವರಿಗೆ ಮನೆ ಚಂದ ಮಾಡಲು ಏನು ಕಷ್ಟ ಅಂತ ಗೋಡೆಯ ಈಚೆ ಕೂತು ಗೊಣಗಿಕೊಳ್ಳುತ್ತಿದ್ದೆ.

ದೀಪಾವಳಿ ಮುಗಿದಮೇಲೆ ಅತ್ತೆ ಬಂದರು. ನೀಲಮ್ಮ ಅಂತ ಅವರ ಹೆಸರು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಮನೆಯಲ್ಲಿದ್ದವಳು. ಅಲ್ಲಿ ಒಂದು ತಂಬಿಗೆಯನ್ನು ಜಾಗ ಬದಲಿಸಿ ಇಡುವ ಅಧಿಕಾರವೂ ನನಗಿರಲಿಲ್ಲ. ಕೆಟ್ಟವರಲ್ಲ, ಆದರೆ ಮನೆ ಅವರದು. ಈಗ ಮೊದಲ ಸಲ ಅವರು ನನ್ನ ಮನೆಗೆ ಬರುತ್ತಿದ್ದರು. ನನಗಿದ್ದದ್ದು ಒಂದೇ ಆಸೆ. ಅವರು ನನ್ನ ಮನೆಯಲ್ಲಿ ಸಮಾಧಾನವಾಗಿ ಕೂರಬೇಕು, ಇದು ನಿನ್ನ ಮನೆ ಅಂತ ಅವರ ಬಾಯಿಂದ ಬರಬೇಕು.

ಅವರು ಬಂದವರೇ ಒಳಗೆಲ್ಲ ಒಂದು ಸುತ್ತು ಹಾಕಿ ಗಾಜಿನ ಕಪಾಟಿನ ಮುಂದೆ ನಿಂತರು. “ಇದರಾಗ ಏನ್ ಮಾರಾಕಿ ನೀ?” ಅಂದರು. ನಮ್ಮವರು ನಕ್ಕುಬಿಟ್ಟರು. ಆ ನಗುವಿಗಾಗಿ ಅವರಿಗೆ ಎರಡು ದಿನ ಚಹಾದಲ್ಲಿ ಸಕ್ಕರೆ ಕಡಿಮೆ ಹಾಕಿದೆ.

ಊರಿನಲ್ಲಿ ಅತ್ತೆಯ ದಿನವೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ ಕಳೆಯುತ್ತದೆ. ಇಲ್ಲಿಯ ಮನೆಗಳಿಗೆ ಕಟ್ಟೆ ಇಲ್ಲ, ಸಿಟೌಟ್ ಇದೆ. ಅಂದರೆ ಬಾಗಿಲ ಮುಂದೆ ಮಾಡಿನ ಕೆಳಗಿನ ಸಣ್ಣ ಜಾಗ. ನಮ್ಮ ಸಿಟೌಟಿನಲ್ಲಿ ಪ್ಲಾಸ್ಟಿಕ್ ಸ್ಟೂಲು. ಪುಷ್ಪಕ್ಕನದರಲ್ಲಿ ಬೆತ್ತದ ಕುರ್ಚಿ, ಕೂತರೆ ರಸ್ತೆಯವರೆಗೂ ಕಾಣುತ್ತದೆ. ಮೂರನೆಯ ಬೆಳಿಗ್ಗೆ ಅತ್ತೆ ಕಾಣಲಿಲ್ಲ. ಹುಡುಕಿದರೆ ಅಲ್ಲಿ! ಆ ಬೆತ್ತದ ಕುರ್ಚಿಯಲ್ಲಿ, ಕಾಲು ಮಡಚಿಕೊಂಡು, ಕೈಯಲ್ಲಿ ಚಹಾ ಲೋಟ. ಪುಷ್ಪಕ್ಕ ನೆಲದಲ್ಲಿ ಕೂತು ಸೊಪ್ಪು ಬಿಡಿಸುತ್ತ, “ಹೌದಾ ಅಮ್ಮಾ? ಮತ್ತೆ ಎಂತ ಆಯ್ತು?” ಅಂತ ಕೇಳುತ್ತಿದ್ದರು. ಅತ್ತೆ ತಮ್ಮ ಬಾಲ್ಯದ ಯಾವುದೋ ಕಥೆ ಹೇಳುತ್ತಿದ್ದರು. ನನಗೆ ಎಂದೂ ಹೇಳದ ಕಥೆ.

ಅಂದಿನಿಂದ ಅದೇ ಪರಿಪಾಠವಾಯಿತು. ಬೆಳಿಗ್ಗೆ ನನ್ನ ಮನೆಯ ನಾಷ್ಟಾ, ಆಮೇಲೆ ಪಕ್ಕದ ಮನೆಯ ಕುರ್ಚಿ. ಕರೆದರೆ, “ನಿನ್ನ ಕಡೆ ಕೂಡಾಕ ಜಾಗಾ ಎಲ್ಲೈತಿ? ಸಂಕ್ರಾಂತಿ ಮುಗಿಸಿ ಹೊಂಟ ಬಿಡತೀನಿ” ಅನ್ನುತ್ತಿದ್ದರು. ಹೊಟ್ಟೆ ಉರಿದುಹೋಯಿತು. ಅತ್ತೆಯ ಕಣ್ಣು ತಪ್ಪಿಸಿ ಬದುಕಿದ ನಾನು, ಅದೇ ಅತ್ತೆ ನೆರೆಮನೆಯಲ್ಲಿ ಕೂತರೆಂದು ಒಲೆಯ ಮುಂದೆ ಕಣ್ಣೀರು ಹಾಕಿದೆ. ಯಾರಿಗಾದರೂ ಹೇಳಿದರೆ ನಕ್ಕಾರು.

ಒಂದು ಸಂಜೆ ಗೋಡೆಯ ಆಚೆ ಪುಷ್ಪಕ್ಕ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಅರೆಭಾಷೆ ನನಗೆ ಪೂರ್ತಿ ತಿಳಿಯುವುದಿಲ್ಲ. ಆದರೆ ಕೋಡಿಂಬಾಳ, ಹಳೆ ಮನೆ, ಆರಾಮ ಕುರ್ಚಿ, ಆದಿತ್ಯವಾರ, ಇಷ್ಟು ತಿಳಿದರೆ ಸಾಲದೇ? ಕಡಬದ ಹತ್ತಿರದ ಆ ಊರಿನಲ್ಲಿ ಯಾರೋ ಹಳೆ ಮನೆ ಬಿಚ್ಚುತ್ತಿದ್ದಾರೆ, ಸಾಮಾನು ಮಾರುತ್ತಾರೆ, ಪುಷ್ಪಕ್ಕ ಭಾನುವಾರ ಹೋಗುತ್ತಾರೆ. ನಾನು ಶನಿವಾರವೇ ಹೊರಟೆ. ನಮ್ಮವರದು ಆಗ ಕಡಬದ ರೂಟು. “ಕುರ್ಚಿ ಸಲುವಾಗಿ ಇಷ್ಟು ಓಡಾಟಾನ?” ಅಂದರು. “ನೀವು ಸುಮ್ನ ಬಸ್ ಹೊಡೀರಿ” ಅಂದೆ.

ಆ ಮನೆಯ ಅಂಗಳದಲ್ಲಿ ಎಲ್ಲ ಹರಡಿದ್ದರು. ಬಾಗಿಲು, ತೊಲೆ, ಮಣೆ, ಬಾಚಣಿಗೆ ಸಿಕ್ಕಿಸಿಡುವ ಕನ್ನಡಿ. ಕುರ್ಚಿ ಒಂದು ಮೂಲೆಯಲ್ಲಿತ್ತು: ಉದ್ದ ತೋಳು, ಒರಗಿ ಕೂರುವಂಥದ್ದು, ಎರಡು ಕೋಲಿಗೆ ಬಟ್ಟೆ ಕಟ್ಟಿದ್ದು. “ಬಟ್ಟೆ ಲಡ್ಡಾಗಿದೆ. ಮರ ಗಟ್ಟಿ ಉಂಟು, ಹಲಸಿನದ್ದು” ಅಂದರು ಮನೆಯೊಡತಿ. ನಾನು ಹೆಚ್ಚು ಚೌಕಾಸಿಯನ್ನೂ ಮಾಡಲಿಲ್ಲ. ಬಸ್ಸಿನ ಹಿಂದಿನ ಸೀಟಿನ ಹತ್ತಿರ ಮಡಚಿ ನಿಲ್ಲಿಸಿಕೊಂಡು, ದಾರಿಯುದ್ದಕ್ಕೂ ಹೆತ್ತ ಕೂಸಿನಂತೆ ಹಿಡಿದುಕೊಂಡು ಬಂದೆ. ದರ್ಬೆಯಲ್ಲಿ ಇಳಿದರೆ ಎದುರಿಗೆ ಮೀನು ಕೊಂಡು ಬರುತ್ತಿದ್ದ ಪುಷ್ಪಕ್ಕ!

“ಹೋ! ಇದು ಕೋಡಿಂಬಾಳದ ಕುರ್ಚಿ ಅಲ್ವಾ?” ಅಂದರು. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಜೋರಾಗಿ ನಕ್ಕು, “ಗಟ್ಟಿಗಿತ್ತಿ ನೀವು ಮಾರಾಯ್ರೆ! ಹಿಡಿರಿ, ಒಂದು ಕಡೆ ನಾನು ಹಿಡೀತೇನೆ” ಅಂದರು. ಒಂದು ಕೈಯಲ್ಲಿ ಮೀನು, ಒಂದು ಕೈಯಲ್ಲಿ ನನ್ನ ಕುರ್ಚಿ. ಜಗಳವಾದರೂ ಮಾಡಬಾರದೇ ಈ ಹೆಂಗಸು! ಅವರ ಒಳ್ಳೆಯತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಹಳತಾಗಿ ಲಡ್ಡಾದ ಬಟ್ಟೆಯ ಮೇಲೆ ಗಟ್ಟಿ ಚಾದರ ಕಟ್ಟಿ, ಸಿಟೌಟಿನಲ್ಲಿ ಇಟ್ಟು, ಅತ್ತೆಯನ್ನು ಕರೆದೆ. ಅವರು ಬಂದರು, ಅನುಮಾನದಿಂದ ನೋಡಿದರು, ಕೂತರು, ಒರಗಿದರು. ನನ್ನ ಎದೆ ಉಬ್ಬಿತು. ಚಹಾ ತರಲು ಒಳಗೆ ಹೋಗಿದ್ದೆ ಅಷ್ಟೇ. “ಯವ್ವಾ! ಸತ್ತೆ!” ಅಂತ ಕೂಗು. ಓಡಿ ಬಂದರೆ ಅತ್ತೆ ಎದ್ದು ನಿಂತು ಬೆನ್ನು ಕೆರೆದುಕೊಳ್ಳುತ್ತಿದ್ದಾರೆ. “ತಗಣಿ ಅದಾವ್ ಇದರಾಗ! ಊರ ತಗಣಿ ಎಲ್ಲಾ ತಂದೀಯಲ್ಲ!”

ಪುಷ್ಪಕ್ಕ ತಮ್ಮ ಸಿಟೌಟಿನಿಂದ ಇಣುಕಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕುರ್ಚಿಯನ್ನು ಎತ್ತಿ ಬೀದಿಗೆ ಎಸೆಯಲು ಹೊರಟೆ. ಅತ್ತೆ ನನ್ನ ಕೈ ಹಿಡಿದರು. “ಹುಚ್ಚಿ, ತಗಣಿಗೆ ಹೆದರಿ ಕಟ್ಟಿಗಿ ಒಗೀತಾರ? ನೀರು ಕಾಸು.” ಕೊತಕೊತ ಕುದಿಯುವ ನೀರನ್ನು ತಿಗಣೆ ಅಡಗಿದ ಸಂದುಸಂದಿಗೆ ಹೊಯ್ದರು. ನನ್ನ ಪಡಸಾಲೆಯ ನೆಲದಲ್ಲಿ ಕಾಲು ಚಾಚಿ ಕೂತು, ಸೂಜಿಯಿಂದ ಮೊಳೆಯ ತೂತುಗಳನ್ನೆಲ್ಲ ಕೆದಕಿದರು. ಬಟ್ಟೆಯನ್ನು ಕಿತ್ತು ಸುಟ್ಟರು. ಮರವನ್ನು ಬಿಸಿಲಿಗೆ ಹಾಕಿಸಿದರು. ಆಮೇಲೆ, “ಹಳೇ ಸೀರಿ ಎಷ್ಟ್ ಅದಾವ, ತಾ” ಅಂದರು.

ಕೌದಿ ಹೊಲಿಯುವುದು ನಮ್ಮ ಕಡೆಯ ಹೆಂಗಸರಿಗೆ ಉಸಿರಾಡಿದಷ್ಟು ಸಲೀಸು. ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಬಣ್ಣಬಣ್ಣದ ತುಂಡು ಮೇಲಿಟ್ಟು, ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರೆ. ಕುರ್ಚಿಗೆ ಕೌದಿ ಹೊಲಿದದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಅತ್ತೆ ಈಗ ದಿನವೆಲ್ಲ ನನ್ನ ಮನೆಯಲ್ಲೇ, ಬೇಕರಿ ಕಪಾಟಿಗೆ ಬೆನ್ನು ಕೊಟ್ಟು ಕೂರತೊಡಗಿದರು. ಅದಕ್ಕಿಂತ ಹೆಚ್ಚಿನದೇನು ಬೇಕಿತ್ತು ನನಗೆ? ಆದರೆ ಪುಷ್ಪಕ್ಕನೂ ಬಂದರು. ತಮ್ಮ ಹಳೆ ಸೀರೆಗಳನ್ನು ತಂದರು, ಪಕ್ಕದಲ್ಲೇ ಕೂತು ಹೊಲಿಗೆ ಕಲಿತರು. “ಈಕಿ ಕೈ ಚೊಕ್ಕ ಐತಿ ನೋಡು” ಅಂದರು ಅತ್ತೆ, ನನ್ನ ಕಡೆ ತಿರುಗಿ. ಹುಟ್ಟಿದಾಗಿನಿಂದ ಸೂಜಿ ಹಿಡಿದ ನನಗೆ ಆ ಮಾತು ಎಂದೂ ಸಿಕ್ಕಿರಲಿಲ್ಲ.

ಕೊನೆಯ ಮೂಲೆ ಉಳಿಯಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚಬಾರದು. ಕೊನೆಯ ಮೂಲೆಯಲ್ಲಿ ಒಂದು ಚೂರು ಅನ್ನವನ್ನೋ ರೊಟ್ಟಿಯನ್ನೋ ಇಟ್ಟು ಹೊಲಿಯಬೇಕು. ಹಾಗೆ ಮಾಡಿದರೆ ಅದನ್ನು ಬಳಸುವವರು ಉಪವಾಸ ಬೀಳುವುದಿಲ್ಲ. ನಾನು ಒಳಗೆ ಓಡಿ, ಅತ್ತೆ ಊರಿಂದ ತಂದಿದ್ದ ಖಡಕ್ ಜೋಳದ ರೊಟ್ಟಿಯಲ್ಲಿ ಒಂದು ಚೂರು ಮುರಿದು ತಂದೆ. ಅವರು ನೋಡಿ ತಲೆ ಅಲ್ಲಾಡಿಸಿದರು.

“ಇದು ನಮ್ಮನೀದು. ಯಾವ ಮನ್ಯಾಗ ಹೊಲಿತೀವಿ, ಆ ಮನೀ ಒಲೀದು ಹಾಕಬೇಕು. ನಿಮ್ಮನೀದು ತಾ.”

ನನ್ನ ಒಲೆಯ ಮೇಲೆ ಆ ದಿನ ಇದ್ದದ್ದು ಕುಚ್ಚಲಕ್ಕಿ ಅನ್ನ. ಈ ಊರಿನ ದಪ್ಪ, ಕೆಂಪು ಅಕ್ಕಿ; ಅತ್ತೆ ಬಾಯಿಗಿಡದ್ದು, ನಮಗೆ ಆಗಲೇ ರೂಢಿಯಾದದ್ದು. ನಾಲ್ಕು ಅಗುಳು ಆರಿಸಿ, ಅಂಗೈಯಲ್ಲಿ ತಂದುಕೊಟ್ಟೆ. ಅವರು ಅದನ್ನು ಮೂಲೆಯಲ್ಲಿಟ್ಟು ಹೊಲಿದು, ದಾರ ಹಲ್ಲಿನಿಂದ ಕಡಿದರು. ನಿಮ್ಮನೀದು. ಅಷ್ಟು ದಿನ ಕಾದಿದ್ದ ಮಾತು ಬಂದಿತ್ತು. ಸಂತೋಷಪಡಬೇಕಾದವಳು ನಾನು ಅಡುಗೆಮನೆಗೆ ಹೋಗಿ ಆ ರೊಟ್ಟಿಯ ಚೂರನ್ನು ಅಗಿಯುತ್ತ ನಿಂತೆ. ನನ್ನದು ಈ ಮನೆಯಾದರೆ, ಊರಿನ ಆ ಮನೆ ಇನ್ನು ನನ್ನದಲ್ಲ ಅಂತಲ್ಲವೇ?

ಅತ್ತೆ ಆ ಕುರ್ಚಿಯಲ್ಲಿ ಸಂಕ್ರಾಂತಿಯವರೆಗೆ ಕೂತರು, ಮಧ್ಯಾಹ್ನ ಬಾಯಿ ತೆರೆದು ಗೊರಕೆ ಹೊಡೆದರು. ಆಮೇಲೆ ಹೇಳಿದಂತೆ ಊರಿಗೆ ಹೋದರು. ಬಸ್ಸು ಹೊರಡುವಾಗ ಪುಷ್ಪಕ್ಕ ಅತ್ತರು. ನನಗೆ ಅಳುವುದರಲ್ಲೂ ಹಿಂದೆ ಬಿದ್ದೆನಲ್ಲಾ ಅನ್ನಿಸಿತು.

ಬೇಸಿಗೆಯಲ್ಲಿ ಊರ ಕಡೆಯಿಂದ ಬಂದ ಡ್ರೈವರೊಬ್ಬರ ಕೈಯಲ್ಲಿ ಒಂದು ಗಂಟು ಬಂತು. ಬಿಚ್ಚಿದರೆ ಕೌದಿ. ಹೊಸದು, ಅತ್ತೆಯ ಕೈಯದು, ನಡುವೆ ಅವರ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು. ಎದೆಗೆ ಅವಚಿಕೊಂಡು ಫೋನ್ ಮಾಡಿದೆ. “ಅದು ಪುಷ್ಪಾಗ. ನಿನಗ ಕುರ್ಚಿಗೆ ಹೊಲಿದು ಕೊಟ್ಟೀನಲ್ಲ” ಅಂದರು.

ಎದೆಯಿಂದ ಕೌದಿಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡೆ. “ಕೌದಿ ಹೊಟ್ಟಿಗೆ ಏನ್ ಹಾಕೀರಿ ಅತ್ತಿ?” ಅಂತ ಕೇಳಿದೆ.

“ಏನ್ ಹಾಕ್ತಾರ? ನಮ್ಮ ಒಲೀ ಮ್ಯಾಲ ಇದ್ದದ್ದು. ರೊಟ್ಟಿ.”

ಒಯ್ದು ಕೊಟ್ಟೆ. ಪುಷ್ಪಕ್ಕ ಅದನ್ನು ಗುಜರಿಯಿಂದ ತಂದ ಮರದ ಬೆಂಚಿನ ಮೇಲೆ ಹಾಸಿದ್ದಾರೆ. ಬೂಷ್ಟು ಹಿಡಿಯದಿರಲೆಂದು ದಿನಾ ಬಿಸಿಲಿಗೂ ಹಾಕುತ್ತಾರೆ. ಬಂದವರೆಲ್ಲ ಅದನ್ನೇ ಹೊಗಳುತ್ತಾರೆ. ನಾನು ಮಧ್ಯಾಹ್ನ ಕುಚ್ಚಲಕ್ಕಿ ತುಂಬಿದ ನನ್ನ ಕುರ್ಚಿಯಲ್ಲಿ ಒರಗುತ್ತೇನೆ, ಒಳ್ಳೆಯ ನಿದ್ದೆಯೇ ಬರುತ್ತದೆ. ಸಂಜೆ ಯಾವುದೋ ನೆವ ಮಾಡಿ ಪಕ್ಕದ ಮನೆಗೆ ಹೋಗಿ ಆ ಬೆಂಚಿನ ಮೇಲೆ ಕೂರುತ್ತೇನೆ. ಮೊನ್ನೆ ಮಾತಾಡುತ್ತಲೇ ಕೌದಿಯ ಮೂಲೆಗಳನ್ನು ಒಂದೊಂದಾಗಿ ಹಿಚುಕಿ ನೋಡುತ್ತಿದ್ದೆ. ಕೊನೆಯದರಲ್ಲಿ ಬೆರಳಿಗೆ ಗಟ್ಟಿಯಾದದ್ದೊಂದು ಸಿಕ್ಕಿತು. ನಮ್ಮೂರ ರೊಟ್ಟಿಯ ಚೂರು.

“ಎಂತ ಹುಡುಕುದು ನೀವು?” ಅಂದರು ಪುಷ್ಪಕ್ಕ.

“ಎಂತ ಇಲ್ಲ” ಅಂದೆ. ಬೆರಳು ಮಾತ್ರ ಅಲ್ಲೇ ಇತ್ತು.