ಮೈಲಪ್ಪ ಕವಣೆ ಬೀಸಿದ ದಿನ

ಮೈಲಪ್ಪ ತಂಬ್ರಹಳ್ಳಿ ಕಡೆಯ ಕುರಿಗಾರ. ಅರವತ್ತು ದಾಟಿದೆ. ತೋಳ ಬಂದರೂ ಕೂಗಿ ಓಡಿಸುತ್ತಾನೆಯೇ ಹೊರತು ಕಲ್ಲು ಎತ್ತುವುದಿಲ್ಲ. ಊರವರು ಪುಕ್ಕಲ ಎಂದು ಛೇಡಿಸುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಊರ ಶಾಲೆಯ ವಿಜ್ಞಾನದ ಟೀಚರ್ ಎಂಬ ಜಂಬ ಬೇರೆ.

೨೦೨೩ರ ಆಗಸ್ಟ್ ಒಂದು. ಹಿಂದಿನ ರಾತ್ರಿಯಷ್ಟೇ ಚಂದ್ರಯಾನ ಭೂಮಿಯ ಕಕ್ಷೆ ಬಿಟ್ಟಿತ್ತು. ಎರಡು ವಾರ ಸುತ್ತು ಹಿಗ್ಗಿಸಿಕೊಂಡು, ಕೊನೆಗೊಮ್ಮೆ ಭೂಮಿಯ ಸಮೀಪ ಬಂದಾಗ ಸರಿಯಾದ ಗಳಿಗೆಗೆ ಎಂಜಿನ್ ಉರಿಸಿ ಹೊರಟಿತ್ತು. ಗುರಿಯಿಟ್ಟದ್ದು ಚಂದ್ರ ಈಗಿರುವ ಜಾಗಕ್ಕಲ್ಲ, ನಾಲ್ಕೈದು ದಿನಕ್ಕೆ ಅವನು ಬಂದು ಸೇರುವ ಜಾಗಕ್ಕೆ. ತರಗತಿಯಲ್ಲಿ ಎಷ್ಟು ಹೇಳಿದರೂ ಮಕ್ಕಳ ತಲೆಗೆ ಇದೇ ಹೋಗಲಿಲ್ಲ. ಬಿಸಿಯೂಟ ಮಾಡುವ ಎರ್ರೆಮ್ಮ, ಮೈಲಪ್ಪನ ಹೆಂಡತಿ, ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ನಮ್ಮ ಯಜಮಾನ ಹಂಗ ಕವಣಿ ಬೀಸ್ತಿದ್ದ ನೋಡ್ರಿ. ಕುರಿಗೆ ಹೊಡೀತಿರಲಿಲ್ಲ. ಅದು ಓಡೋ ಕಡಿ ಮುಂದಕ್ಕ ಒಗದು ತಿರುಗಿಸ್ತಿದ್ದ."

ನಾನು ಹಟ ಹಿಡಿದು ಅವನನ್ನು ಶಾಲೆಗೆ ಕರೆಸಿದೆ. ತಪ್ಪು ನನ್ನದು.

ಬಂದವನು ಶಾಲೆಯ ಅಂಗಳದಲ್ಲಿ ಮಕ್ಕಳನ್ನೆಲ್ಲ ಗೋಡೆಗೊತ್ತಿ ಕೂರಿಸಿದ. ಎಲ್ಲರೂ ಕೂತಿದ್ದೀರಾ ಎಂದು ಮೂರು ಸಲ ಕೇಳಿದ. ಕವಣೆಯ ಹಗ್ಗದ ಮಡಿಕೆಯಲ್ಲಿ ಕಲ್ಲಿಟ್ಟು, ಕಣ್ಣು ಮುಚ್ಚಿ ತಲೆಯ ಮೇಲೆ ಬೀಸತೊಡಗಿದ. ಹತ್ತು ಸುತ್ತು, ಇಪ್ಪತ್ತು ಸುತ್ತು. ಕಲ್ಲು ಬಿಡಲೇ ಇಲ್ಲ. ಸುತ್ತು ನಿಧಾನವಾಗುತ್ತ ಬಂತು. ಸೋತ ಕೈಯಿಂದ ಹಗ್ಗ ಜಾರಿದರೆ ಕಲ್ಲು ಮಕ್ಕಳ ಮೇಲೇ.

"ನಿಲ್ಲಸ್ರಿ," ಎಂದೆ.

"ಬಿಡಾಕ ಅಂಜಿಕಿ ಆಗತೈತ್ರಿ," ಎಂದ, ಬೀಸುತ್ತಲೇ. "ಅವತ್ತೂ ಹಿಂಗ ಕುರಿ ಮುಂದಕ್ಕ ಕಲ್ಲು ಬಿಟ್ಟೆ. ಕುರಿ ತಿರುಗಿಸಾಕ ಎರ್ರೆಮ್ಮ ಓಡಿ ಅಲ್ಲಿಗೇ ಬಂದ್ಲು."

ಎರ್ರೆಮ್ಮನಿಗೆ ಎಡಗಣ್ಣಿಲ್ಲ. ಎತ್ತು ಹಾಯ್ದು ಹೋಯಿತೆಂದು ನಲವತ್ತು ವರ್ಷದಿಂದ ಅವಳೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ನಾನೂ ನಂಬಿದ್ದೆ. ಈಗ ಇಬ್ಬರನ್ನೂ ನೋಡಲು ನನಗೆ ಧೈರ್ಯವಾಗಲಿಲ್ಲ.

ಅವಳು ಸೌಟು ಕೆಳಗಿಟ್ಟು, ಸುತ್ತುವ ಕಲ್ಲಿನಡಿ ತಲೆ ಬಗ್ಗಿಸಿ ನುಗ್ಗಿ, ಹಿಂದಿನಿಂದ ಅವನ ಸೊಂಟ ಹಿಡಿದಳು.

"ನಾ ನಿನ್ನ ಹಿಂದ ಅದೀನಿ. ಬಿಡು."

ಬಿಟ್ಟ. ಕಲ್ಲು ಬಯಲು ದಾಟಿ ಎಲ್ಲೋ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಮೈಲಪ್ಪ ಇನ್ನೂ ಕಣ್ಣು ತೆರೆದಿರಲಿಲ್ಲ. ಕೈ ಹಿಂದಕ್ಕೆ ಚಾಚಿ ಹೆಂಡತಿಯ ಮುಖ ತಡವಿದ. ಅವಳ ಬಲಗಣ್ಣಿನ ರೆಪ್ಪೆ ಬಡಿದದ್ದು ಬೆರಳಿಗೆ ತಿಳಿಯುವವರೆಗೂ ಅವನು ಉಸಿರು ಬಿಡಲಿಲ್ಲ.