ಅಂಗಡಿಯಿಂದ ಬಂದ ಸನ್ನಡತೆ ಪದಕ

ಗಣರಾಜ್ಯೋತ್ಸವದ ಹಿಂದಿನ ದಿನ ನಾನು ದೇವರಿಗೆ ಹೂವು ಏರಿಸುತ್ತಿದ್ದಾಗ, ನಮ್ಮ ಜೆ.ಪಿ. ನಗರದ ಬಡಾವಣೆ ಸಂಘದ ಕಾರ್ಯದರ್ಶಿ ಬಂದರು. ಮಾರನೆಯ ದಿನ ಪಾರ್ಕಿನಲ್ಲಿ ಬಾವುಟ ಹಾರಿಸಬೇಕಾದವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದ ನಮ್ಮ ಯಜಮಾನರು.

ಕಾರ್ಯದರ್ಶಿ ಪುಟ್ಟ ಡಬ್ಬಿಯೊಂದನ್ನು ತೆರೆದರು. ಬೆಳ್ಳಿ ಬಣ್ಣದ ದುಂಡು ಪದಕ. ಒಂದು ಮುಖದಲ್ಲಿ ಸಿಂಹಗಳು, ಇನ್ನೊಂದರಲ್ಲಿ ದೀರ್ಘ ಸೇವೆ, ಸನ್ನಡತೆ ಎಂಬ ಬರಹ.

“ಹಿಂದಿನ ರಸ್ತೆ ಸುಬೇದಾರ್ ಅಂಕಲ್ ಹತ್ರ ಇದೆ, ನಿಮ್ ಹತ್ರ ಇಲ್ವಲ್ಲ ಅಂಕಲ್. ಯೂನಿಫಾರಂ ಅಂಗಡೀಲಿ ಸಿಕ್ತು. ಫೋಟೋದಲ್ಲಿ ಎದೆ ತುಂಬಿದಂಗೆ ಕಾಣ್ಲಿ ಅಂತ ತಂದೆ.”

“ಇದು ಕೊಂಡು ಹಾಕ್ಕೊಳ್ಳೋದಲ್ಲ. ರೂಲ್ಸ್ ಪ್ರಕಾರ ನಂಗೆ ಬರಲ್ಲ,” ಎಂದರು ಇವರು.

“ಅಷ್ಟು ವರ್ಷ ಸರ್ವೀಸ್ ಮಾಡಿದ್ದೀರಲ್ಲ ಅಂಕಲ್.”

“ವರ್ಷ ಆದ್ರೆ ಸಾಲದು. ನಡತೆ ಕ್ಲೀನಾಗಿರ್ಬೇಕು. ನಾಳೆ ಸುಬೇದಾರ್ ಕೈಲೇ ಬಾವುಟ ಹಾರಿಸ್ಕೊಳ್ಳಿ.” ಅಷ್ಟು ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡರು.

ಈ ಮನುಷ್ಯರ ಜೊತೆ ಇದೇ ತಾಪತ್ರಯ. ಪೂರ್ತಿ ಹೇಳುವುದಿಲ್ಲ. ಕೇಳಿದವರು ಕುಡಿದರೋ ಕದ್ದರೋ ಎಂದುಕೊಳ್ಳಲಿ, ಇವರಿಗೇನೂ ಇಲ್ಲ. ಆದರೆ ಪದಕದ ವಿಷಯಕ್ಕೆ ಮಾತ್ರ ಎಲ್ಲವೂ ನಿಯಮ. ರಿಬ್ಬನ್ ಪಟ್ಟಿಯ ಬಣ್ಣಕ್ಕೆ ನಿಯಮ, ಗೆರೆಯ ಅಗಲಕ್ಕೆ ನಿಯಮ, ಯಾವುದರ ಪಕ್ಕ ಯಾವುದು ಕೂರಬೇಕೆಂಬುದಕ್ಕೂ ನಿಯಮ. ಆಯುಧಪೂಜೆಗೆ ನಾನು ಇವರ ಪದಕಗಳಿಗೆ ಕುಂಕುಮ ಇಡಹೊರಟರೆ, “ರಿಬ್ಬನ್‌ಗೆ ತಾಗಿಸ್ಬೇಡ” ಎಂದು ತಲೆಯ ಮೇಲೆಯೇ ನಿಂತಿರುತ್ತಾರೆ. ನನ್ನ ದೇವರ ಮನೆಯಲ್ಲೂ ಇಷ್ಟು ಮಡಿ ಇಲ್ಲ.

ಕಾರ್ಯದರ್ಶಿ ನನ್ನ ಮುಖ ನೋಡಿದರು. ಕೇಳಲು ಸಂಕೋಚ, ಹೋಗಲು ಮನಸ್ಸಿಲ್ಲ. ನಾನೇ ಹೇಳಿಬಿಟ್ಟೆ.

“ಕೇಳಪ್ಪ. ಮಗಳು ಹುಟ್ಟೋವಾಗ ನಂಗೆ ರಕ್ತ ನಿಲ್ಲಲೇ ಇಲ್ಲ. ಇವರು ರಜೆ ಮುಂದುವರಿಸಿ ಅಂತ ತಂತಿ ಕೊಟ್ಟು, ಉತ್ತರಕ್ಕೆ ಕಾಯದೆ ಆಸ್ಪತ್ರೇಲೇ ಉಳಿದ್ರು. ವಾಪಸ್ ಹೋದಾಗ ಶಿಕ್ಷೆ ಆಯ್ತು, ಅದು ಸರ್ವೀಸ್ ದಾಖಲೇಲಿ ಕೆಂಪು ಶಾಯೀಲಿ ಬಿತ್ತು. ಕೆಂಪು ಬಿದ್ದ ಮೇಲೆ ಆ ಪದಕ ಇಲ್ಲ. ಇಷ್ಟೇ ಇವರ ಕೆಟ್ಟ ನಡತೆ.”

ಅವರು ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡರು. “ತಪ್ಪಾಯ್ತು ಆಂಟಿ. ಇರೋದನ್ನೇ ಹಾಕ್ಕೊಂಡು ಬರ್ಲಿ. ಬಾವುಟ ಅಂಕಲ್ಲೇ ಹಾರಿಸ್ಬೇಕು,” ಎಂದು ಒಳಗೂ ಕೇಳಿಸುವ ಹಾಗೆ ಹೇಳಿ ಹೋದರು.

ಕದ ತೆರೆಯಿತು. “ಬೀದಿಗೆಲ್ಲ ಹೇಳ್ಬೇಕಿತ್ತಾ ನೀನು?”

“ಹೇಳ್ಬೇಕಿತ್ತು. ಬದುಕಿ ಉಳಿದಿದ್ದೀನಿ, ಹೇಳ್ತೀನಿ.”

ನಾನು ದೇವರ ಮುಂದೆ ಕುಳಿತು ಉಳಿದ ಹೂವು ಏರಿಸಿದೆ. ಮಗಳು ಉಳಿದಳು, ನಾನೂ ಉಳಿದೆ. ಅಂದು ಭಗವಂತ ಕೊಟ್ಟಿದ್ದು ಕಡಿಮೆಯೇನಲ್ಲ. ಇವರಿಗೆ ಬಾಯೊಂದು ಕೊಟ್ಟಿದ್ದರೆ ಸಾಕಿತ್ತು.

ಆರತಿ ಮುಗಿಯುವ ಹೊತ್ತಿಗೆ ಹಿಂದಿನಿಂದ ಧ್ವನಿ ಬಂತು. “ಕೋಟಿಗೆ ಹಾಕೋ ಪಿನ್ ಎಲ್ಲಿಟ್ಟಿದ್ದೀಯ?”

“ಇಲ್ಲೇ ದೇವರ ಮುಂದೆ, ಪದಕಗಳ ಜೊತೆ.”

“ರಿಬ್ಬನ್‌ಗೆ ಕುಂಕುಮ ತಾಗಿದ್ಯಾ ನೋಡು.”